ತುಟಿಯಾಡಿಸಿ ಪಾಸಾದವನ ಭಾಷಣ

ಮಕ್ಕಳ ಶಿಕ್ಷಣ ಹೇಗೆ ಸುಧಾರಿಸಬೇಕು ಎಂದು ಕೇಳಿದರೆ ಉತ್ತರವಿಲ್ಲದೆ ನಿಂತ ಮನುಷ್ಯ ನಮ್ಮ ಬನಹಟ್ಟಿಯಲ್ಲಿ ನನಗಿನ್ನೂ ಸಿಕ್ಕಿಲ್ಲ. ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನೂ ಸಾಬೂನಿನ ನೊರೆಯೊಳಗಿಂದಲೇ ಹೇಳುತ್ತಾನೆ. ಎಲ್ಲರ ಉತ್ತರವೂ "ನಮ್ಮ ಕಾಲದಾಗ" ಎಂದೇ ಶುರುವಾಗುತ್ತದೆ. ನನ್ನದೂ ಹಾಗೆಯೇ. ಜಮಖಂಡಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮೇಲೆ ನನ್ನನ್ನು ಇಂಥ ಸಭೆಗಳಿಗೆ ಕರೆಯತೊಡಗಿದರು. ಮುಧೋಳದ ಸಭೆಯಲ್ಲಿ, ನಾವು ಬೇವಿನ ಮರದ ಕೆಳಗೆ ಕೂತು ಕಲಿತೆವು ಎಂದೆ. ಬೀಳಗಿಗೆ ಹೋಗುವಷ್ಟರಲ್ಲಿ ಅದು ಹುಣಸೆಮರವಾಗಿತ್ತು. ಮಾಸ್ತರರು ಕಿವಿ ಹಿಂಡಿದರು, ಓದು ಬಂತು ಎಂಬುದು ಮಾತ್ರ ಎರಡೂ ಕಡೆ ಒಂದೇ. ಚಪ್ಪಾಳೆ ಬೀಳುತ್ತಿದ್ದುದು ಆ ಕಿವಿಗೇ.

ನಿಜ ಹೇಳಬೇಕೆಂದರೆ ನಮ್ಮ ಶಾಲೆಯಲ್ಲಿ ಮರವೇ ಇರಲಿಲ್ಲ, ಗೋಡೆಯಾಚೆ ಕರೆಂಟಿನ ಮಗ್ಗಗಳಿದ್ದವು. ಬೆಳಗಿನಿಂದ ಸಂಜೆಯವರೆಗೆ ಖಟಖಟ. ಹುಡುಗರು ಎದ್ದು ನಿಂತು ಪಾಠ ಓದಿದರೆ ಒಂದಕ್ಷರವೂ ಮಾಸ್ತರರಿಗೆ ಕೇಳುತ್ತಿರಲಿಲ್ಲ. ಅವರು ತುಟಿ ನೋಡಿ, ಆಡುತ್ತಿದ್ದರೆ "ಛಲೋ, ಕೂಡು" ಎಂದು ಕೈಮಾಡುತ್ತಿದ್ದರು. ಈ ಗುಟ್ಟು ನನಗೆ ಬಹಳ ಬೇಗ ತಿಳಿಯಿತು. ನಾಲ್ಕನೆಯ ಇಯತ್ತೆಯವರೆಗೆ ನಾನು ಬರೀ ತುಟಿ ಆಡಿಸಿ ಪಾಸಾದೆ. ಒಂದು ದಿನ ನಾನು ಓದುತ್ತಿರುವಾಗಲೇ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ತುಟಿಗಳು ಮಾತ್ರ ನಿಲ್ಲಲಿಲ್ಲ. ಇಡೀ ವರ್ಗ ತಿರುಗಿ ನೋಡಿತು. ಆಗ ಮಾಸ್ತರರು ಕಿವಿ ಹಿಂಡಿದರು ಎಂದು ನೀವು ಅಂದುಕೊಂಡರೆ ಅದು ನನ್ನ ಭಾಷಣಗಳ ತಪ್ಪು. ಅವರು ಹಿಂಡಲಿಲ್ಲ, ತಮ್ಮ ಕಿವಿಯನ್ನೇ ಕೊಟ್ಟರು. ಅಂದಿನಿಂದ ದಿನವೂ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನನ್ನ ಬಾಯಿಗೆ ಕಿವಿ ಹಚ್ಚಿ, ಒಂದೊಂದೇ ಅಕ್ಷರ ಕೇಳಿದರು. ಅಂದು ಹೋದದ್ದು ಕರೆಂಟೋ, ಅಥವಾ ಊಟದ ಹೊತ್ತಿಗೆ ಮಗ್ಗ ನಿಲ್ಲಿಸಿದ್ದರೋ, ಈಗ ಆಣೆ ಮಾಡಿ ಹೇಳಲಾರೆ. ಆದರೆ ಆ ಕಿವಿಯ ಮೇಲಿದ್ದ ಬಿಳಿ ಕೂದಲು ಮಾತ್ರ ಖರೆ.

ಕಳೆದ ತಿಂಗಳು ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿ, ನಾವೆಲ್ಲ ದೊಡ್ಡಕ್ಕೋರು ಎನ್ನುವವರು, ಓಣಿಯ ಸಮುದಾಯ ಭವನದಲ್ಲಿ ಸಾರ್ವಜನಿಕ ಚರ್ಚೆ ಇಟ್ಟರು. ಎಲ್ಲ ಮಕ್ಕಳಿಗೂ ಒಳ್ಳೆಯ ಓದು ಸಿಗಲು ಏನು ಮಾಡಬೇಕು ಎಂಬುದು ವಿಷಯ. ಹಳೆಯ ವಿದ್ಯಾರ್ಥಿಯೆಂದು ನನ್ನ ಭಾಷಣ, ಅದಾದ ಮೇಲೆ ಮಾದರಿಗೆಂದು ನಾಲ್ಕನೆಯ ವರ್ಗದ ರೇಣುಕಾಳ ಓದು. ರೇಣುಕಾ ನಮ್ಮ ಪಕ್ಕದ ಮನೆಯ ನೇಕಾರರ ಮಗಳು. ಎರಡು ದಿನ ಮೊದಲು ಅವಳು ನಮ್ಮ ಕಟ್ಟೆಯ ಮೇಲೆ ಪುಸ್ತಕ ಹಿಡಿದು ತಾಲೀಮು ಮಾಡುತ್ತಿದ್ದಳು. ಅವರ ಮನೆಯ ಮಗ್ಗ ನಡೆದಿತ್ತು, ಏನೂ ಕೇಳಿಸಲಿಲ್ಲ. ಆದರೆ ಅವಳ ತುಟಿ ಎಲ್ಲಿಯೂ ತಡವರಿಸುತ್ತಿರಲಿಲ್ಲ. ಪೂರ್ಣವಿರಾಮಕ್ಕೂ ನಿಲ್ಲಲಿಲ್ಲ, ಪುಟ ತಿರುವುವಾಗಲೂ ನಿಲ್ಲಲಿಲ್ಲ. ಇಷ್ಟು ಸರಾಗವಾಗಿ ಓದುವವರು ಓದುತ್ತಿರುವುದಿಲ್ಲ ಎಂಬುದು ನನ್ನಷ್ಟು ಗೊತ್ತಿರುವವರು ಊರಲ್ಲಿ ಯಾರಿದ್ದಾರೆ? ಜೋರಾಗಿ ಓದವ್ವಾ ಎಂದೆ. "ಗದ್ದಲದಾಗ ಕೇಳಂಗಿಲ್ಲ ಬಿಡ್ರಿ ಮುತ್ಯಾ" ಎಂದು ನನ್ನ ಕಿವಿಯಲ್ಲಿ ಕೂಗಿದಳು. ಆ ಉತ್ತರ ನನ್ನದೇ. ಐವತ್ತು ವರ್ಷಗಳ ಹಿಂದೆ ನಾನೇ ಕೊಟ್ಟದ್ದು.

ಎರಡು ದಿನ ಅನ್ನ ಸೇರಲಿಲ್ಲ. ಅವಳು ಮೈಕಿನ ಮುಂದೆ ನಿಂತರೆ ಊರ ಮುಂದೆ ಬಯಲಾಗುತ್ತಾಳೆ. ಹೇಗೋ ಪಾರಾದರೆ ಹೀಗೆಯೇ ತುಟಿ ಆಡಿಸುತ್ತ ಐದಕ್ಕೆ ಹೋಗುತ್ತಾಳೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಎಣಿಸುತ್ತ ದೊಡ್ಡಕ್ಕೋರ ಹತ್ತಿರ ಹೋದೆ. ಹೇಳಬೇಕೆಂದೇ ಹೋದದ್ದು. ನಿಮಗೆ ಹೇಗೆ ಗೊತ್ತು ಎಂದು ಅವರು ಕೇಳಿದರೆ ಬೇವು, ಹುಣಸೆ ಎರಡೂ ಬುಡಸಮೇತ ಉರುಳುತ್ತವೆ ಎಂಬುದು ಬಾಗಿಲಲ್ಲಿ ಹೊಳೆಯಿತು. ಮೈಕು ಛಲೋ ಇರಲಿ ಎಂದಷ್ಟೇ ಹೇಳಿ ಬಂದೆ. ಸಭೆಯ ದಿನ ನಾನು ಮೂರನೆಯ ಸಲ ಅಂಗಿ ಬದಲಿಸುವುದನ್ನು ಕಂಡು ನನ್ನ ಹೆಂಡತಿ, "ಭಾಷಣಕ್ಕ ಹೊಂಟೀರೋ, ಕೋರ್ಟಿಗೆ ಹೊಂಟೀರೋ?" ಎಂದಳು.

ಸಭೆಯಲ್ಲಿ ಒಬ್ಬರು ಒಂದನೆಯ ವರ್ಗದಿಂದಲೇ ಇಂಗ್ಲಿಷು ಬೇಕೆಂದರು. ಇನ್ನೊಬ್ಬರು ಕಂಪ್ಯೂಟರು ಎಂದರು. ಮತ್ತೊಬ್ಬರು ಛಡಿಯನ್ನು ವಾಪಸು ತರಬೇಕೆಂದಾಗ, ಛಡಿ ತಿಂದು ಇವರು ಏನಾದರೆಂಬುದು ಗೊತ್ತಿದ್ದ ಹಿಂದಿನ ಸಾಲು ನಕ್ಕಿತು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ನಿಂತವು. ಸದ್ದಿಲ್ಲದ ಬನಹಟ್ಟಿ ನಮ್ಮ ಮಂದಿಗೆ ಒಗ್ಗುವುದಿಲ್ಲ, ಯಾರದೋ ಮನೆಯಲ್ಲಿ ಏನೋ ಆಗಿದೆ ಎನ್ನುವ ಹಾಗೆ ಮುಖ ಮುಖ ನೋಡಿಕೊಂಡರು. ಆಗಲೇ ನನ್ನ ಹೆಸರು ಕರೆದರು. ಆ ನಿಶ್ಶಬ್ದದಲ್ಲಿ ನಿಂತು, ಬೇವಿನ ಮರದ ಕೆಳಗೆ ಎಂದಷ್ಟೇ ಹೇಳಿ ಕನ್ನಡಕ ಒರೆಸತೊಡಗಿದೆ. ಮುಂದಿನ ಸಾಲಿನಲ್ಲಿ ರೇಣುಕಾ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

ಕರೆಂಟು ಬಂತು. ಮಗ್ಗಗಳು ಶುರುವಾದವು. ಮೈಕು ಮಾತ್ರ ಬರಲಿಲ್ಲ. ಅದರ ಹುಡುಗ ಚಹಾಕ್ಕೆ ಹೋಗಿದ್ದ. ಖಟಖಟ ಕಿವಿ ತುಂಬುತ್ತಿದ್ದಂತೆ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಮರವಿರಲಿಲ್ಲ ಎಂದೆ. ನಾಲ್ಕು ವರ್ಷ ನನಗೆ ಓದು ಬರುತ್ತಿರಲಿಲ್ಲ, ತುಟಿ ಆಡಿಸಿ ಪಾಸಾದೆ, ಮಾಸ್ತರರು ಕಿವಿಯಿಟ್ಟು ಕೇಳಿದ್ದರಿಂದ ಉಳಿದೆ ಎಂದು ಒಂದೂ ಬಿಡದೆ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಒಬ್ಬರಿಗೂ ಒಂದಕ್ಷರ ಕೇಳಿರಲಿಲ್ಲ. ಹಗುರಾಗಿ ಬಂದು ಕೂತೆ.

ಮೈಕಿನ ಹುಡುಗ ಓಡಿಬಂದು ತಂತಿ ಜೋಡಿಸಿದ. ರೇಣುಕಾಳನ್ನು ಕರೆದರು. ಅವಳು ಹೋಗಿ ಪುಸ್ತಕವನ್ನು ದೊಡ್ಡಕ್ಕೋರ ಕೈಗೆ ಕೊಟ್ಟು, ಮೈಕಿನ ಹತ್ತಿರ ಬಾಯಿ ತಂದು, ಇಡೀ ಓಣಿಗೆ ಕೇಳುವಂತೆ ಹೇಳಿದಳು:

"ನನಗ ಓದಾಕ ಬರಂಗಿಲ್ರಿ. ಮುತ್ಯಾಗೂ ಬರ್ತಿದ್ದಿಲ್ಲಂತ. ಈಗ ಹೇಳಿದ್ರಲ್ಲಾ."

ಮಗ್ಗದ ಮನೆಯಲ್ಲಿ ಹುಟ್ಟಿದ ಮಗು, ಅದೂ ಮುಂದಿನ ಸಾಲಿನಲ್ಲಿ ಕೂತದ್ದು, ತುಟಿ ನೋಡಿಯೇ ಮಾತು ತಿಳಿಯುತ್ತದೆ ಎಂಬುದನ್ನು ನಾನು ಹೇಗೆ ಮರೆತೆನೋ. ಸಭೆ ಮೊದಲು ನನ್ನನ್ನು ನೋಡಿತು, ಆಮೇಲೆ ಅವಳನ್ನು. ನಗೆ ಏಳುವ ಮೊದಲೇ ದೊಡ್ಡಕ್ಕೋರು ಅವಳ ತಲೆಯ ಮೇಲೆ ಕೈಯಿಟ್ಟು, "ಇನ್ನೂ ಎಷ್ಟ ಮಂದಿ ಅದೀರಿ?" ಎಂದು ಮಕ್ಕಳ ಸಾಲಿನ ಕಡೆ ತಿರುಗಿದರು. ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ಅವೆಷ್ಟಾದವು ಎಂಬುದನ್ನು ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ.

ಇಂಗ್ಲಿಷು, ಕಂಪ್ಯೂಟರು, ಛಡಿ ಯಾವುದೂ ಅಂದು ತೀರ್ಮಾನವಾಗಲಿಲ್ಲ. ಶಾಲೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ, ದಿನಾ ಒಬ್ಬೊಬ್ಬರ ಓದನ್ನು ಕಿವಿಯಿಟ್ಟು ಕೇಳಲು ಒಬ್ಬ ಮನುಷ್ಯ ಬೇಕೆಂದಷ್ಟೇ ಗೊತ್ತಾಯಿತು. ಆ ಮನುಷ್ಯ ಯಾರೆಂದು ಕೇಳಬೇಡಿ. ರೇಣುಕಾ ಈಗ ತಡವರಿಸುತ್ತಾಳೆ, ನಿಲ್ಲುತ್ತಾಳೆ, ಮತ್ತೆ ಹಿಂದಕ್ಕೆ ಹೋಗುತ್ತಾಳೆ, ಅಂದರೆ ಓದುತ್ತಿದ್ದಾಳೆ. ನಾನು ಕಣ್ಣರಳಿಸಿ ತಲೆಯಾಡಿಸುತ್ತೇನೆ. ಹುಟ್ಟಿದಂದಿನಿಂದ ಮಗ್ಗದ ಸದ್ದಿನಲ್ಲೇ ಇದ್ದು ನನ್ನ ಎರಡೂ ಕಿವಿ ಮಂದವಾಗಿರುವುದನ್ನು ದೊಡ್ಡಕ್ಕೋರಿಗೆ ಹೇಳಬೇಕೆಂದು ದಿನಾ ಹೋಗುತ್ತೇನೆ, ಬಾಗಿಲಿನಿಂದಲೇ ವಾಪಸು ಬರುತ್ತೇನೆ. ನಿನ್ನೆ ರೇಣುಕಾ ಪಾಠದ ನಡುವೆ ಪುಸ್ತಕ ಮುಚ್ಚಿ, ನನ್ನ ಮುಖಕ್ಕೆ ಮುಖ ತಂದು, ತುಟಿ ಬಿಡಿಸಿ ಬಿಡಿಸಿ ಕೇಳಿದಳು:

"ಮುತ್ಯಾ, ಖರೇನ ಕೇಳಾಕತ್ತೀರೋ, ಬರೇ ತಲಿ ಆಡಸ್ತೀರೋ?"