ರೆಕ್ಕೆಯೊಳಗಿನ ಅಳಿಯ

ಎಲ್ಲಕ್ಕೂ ಕಾರಣ ಒಂದು ನಟ್ಟು.

ಮದುವೆಯಾದ ಹೊಸತರಲ್ಲಿ ಮಾವ ಅಳಿಯನನ್ನು ಊರಾಚೆಯ ದೊಡ್ಡ ತಗಡಿನ ಶೆಡ್ಡೊಂದಕ್ಕೆ ಕರೆದೊಯ್ದಿದ್ದರು. ಅಲ್ಲಿ ತಾತನ ಕಾಲದ ಯುದ್ಧದಲ್ಲಿ ಹಾರಾಡಿದ್ದ ಬಾಂಬರ್ ವಿಮಾನವೊಂದು ಮೈಮೇಲಿನ ತಗಡೆಲ್ಲ ಕಳಚಿಕೊಂಡು, ಎಲುಬು ಬಿಟ್ಟುಕೊಂಡು ಕೂತಿತ್ತು. ಅದನ್ನು ಮತ್ತೆ ಹೊಸದರಂತೆ ಮಾಡಿ ಜನಕ್ಕೆ ತೋರಿಸಬೇಕೆಂಬುದು ಮಾವ ಮತ್ತು ಅವರ ನಿವೃತ್ತ ಗೆಳೆಯರ ಹಟ. ಅಳಿಯ ಮರ್ಯಾದೆಗೆ "ಬಹಳ ಚೆನ್ನಾಗಿದೆ ಮಾವ" ಎಂದ. ಅಷ್ಟರಲ್ಲಿ ಯಾರದೋ ಕೈಯಿಂದ ಒಂದು ನಟ್ಟು ಜಾರಿ ರೆಕ್ಕೆಯೊಳಗೆ ಬಿತ್ತು. ದೊಡ್ಡ ದೊಡ್ಡ ಹೊಟ್ಟೆಗಳು ಒಂದಾದ ಮೇಲೊಂದು ಒಳಗೆ ನುಗ್ಗಲು ನೋಡಿ ಸೋತು ಹಿಂದಕ್ಕೆ ಬಂದವು. ಅಳಿಯ ಸುಮ್ಮನಿರಲಾರದೆ ತೋಳು ಮಡಚಿ, ಹಲ್ಲಿಯ ಹಾಗೆ ಒಳಗೆ ನುಸುಳಿ, ನಟ್ಟು ಹಿಡಿದುಕೊಂಡು ಹೊರಗೆ ಬಂದ.

ಶೆಡ್ಡಿನಲ್ಲಿದ್ದವರೆಲ್ಲ ಅವನನ್ನು ಸುತ್ತುವರಿದರು. ಆಮೇಲೆ ಚಪ್ಪಾಳೆ. ಹುಡುಗಿ ನೋಡಲು ಬಂದ ದಿನವೂ ಮಾವ ಅವನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಅವತ್ತಿನಿಂದ ಅಳಿಯನಿಗೆ ಭಾನುವಾರ ಎಂಬುದೇ ಇಲ್ಲವಾಯಿತು. ವಿಮಾನದ ತಗಡಿಗೆ ರಿವೆಟ್ ಎಂಬ ಮೊಳೆ ಬಡಿಯಬೇಕಾದರೆ ಹೊರಗೊಬ್ಬ ರಿವೆಟ್ ಗನ್ನು ಹಿಡಿದು ಬಡಿಯಬೇಕು, ಒಳಗೊಬ್ಬ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ರಿವೆಟ್ ಕೂರುವುದಿಲ್ಲ. ಹೊರಗೆ ಬಡಿಯಲು ನಾ ಮುಂದು ತಾ ಮುಂದು ಎಂದು ಜಗಳ. ಒಳಗೆ ಹೋಗಲು ಮಾತ್ರ ಒಬ್ಬನೇ. ಗನ್ನು ಕೊನೆಗೆ ದಕ್ಕಿದ್ದು ನಿವೃತ್ತ ದಂತವೈದ್ಯರಿಗೆ. ಅವರಿಗೆ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. ಪ್ರತಿ ಸಾಲಿಗೂ ಮುಂಚೆ "ನೋವಾದ್ರೆ ಕೈ ಎತ್ತಿ" ಎನ್ನುತ್ತಿದ್ದರು. ಕತ್ತಲೆ ರೆಕ್ಕೆಯೊಳಗೆ ಎತ್ತಿದ ಕೈ ಅವರಿಗೆ ಕಾಣುವುದಾದರೂ ಹೇಗೆ?

ಅಳಿಯ ತಪ್ಪಿಸಿಕೊಳ್ಳಲು ಮಾಡದ ಉಪಾಯವಿಲ್ಲ. ದಪ್ಪಗಾಗೋಣವೆಂದು ಬೆಣ್ಣೆ, ಬಾಳೆಹಣ್ಣು, ಹಾಲು ಎಲ್ಲವನ್ನೂ ಹೊಟ್ಟೆಗೆ ಸುರಿದ. ತಿಂದದ್ದು ಎಲ್ಲಿಗೆ ಹೋಯಿತೋ, ಬೆಲ್ಟಿಗೆ ಇನ್ನೊಂದು ತೂತು ಹಾಕಿಸಬೇಕಾಯಿತು. ಹೆಂಡತಿಯ ಮುಂದೆ ಅತ್ತುಕೊಂಡರೆ ಅವಳು, "ಪಾಪ, ಅಪ್ಪಂಗೆ ನಿಮ್ಮನ್ ಬಿಟ್ರೆ ಇನ್ಯಾರಿದ್ದಾರೆ ಹೇಳಿ" ಎಂದುಬಿಟ್ಟಳು. ಮಾವನಿಗೇ ಹೇಳೋಣವೆಂದರೆ ಅವರು ಮುಂಚೆ ವಿಮೆ ಏಜೆಂಟರು. ಅವರ ಎದುರು ಇಲ್ಲ ಎಂದು ಬಾಯಿ ತೆರೆದವನು ಹೂಂ ಎಂದು ಮುಚ್ಚುತ್ತಿದ್ದ. ಅಳಿಯನಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಒಂದು ಭಾನುವಾರ, ಒಂದೇ ಒಂದು ಭಾನುವಾರ, ಮಧ್ಯಾಹ್ನ ಉಂಡು ಮನೆಯಲ್ಲಿ ಕಾಲು ಚಾಚಿ ಮಲಗಬೇಕು.

ಕೊನೆಗೆ ಗುಟ್ಟಾಗಿ ಒಂದು ಕೆಲಸ ಮಾಡಿದ. ಅವನಿದ್ದದ್ದು ನೀರು ಸರಬರಾಜು ಕಚೇರಿಯಲ್ಲಿ. ಇರುವ ಶಾಖೆಗಳಲ್ಲೆಲ್ಲ ಅತಿ ದೂರದ್ದು ಯಾವುದೆಂದು ಹುಡುಕಿ ಅಲ್ಲಿಗೆ ವರ್ಗ ಕೇಳಿದ. ರಾತ್ರಿಯಿಡೀ ರೈಲಿನಲ್ಲಿ ಕೂತರೂ ಬೆಳಗಿನ ತಿಂಡಿಯ ಹೊತ್ತಿಗೇ ಮುಟ್ಟುವ ಊರು. ಅಲ್ಲಿ ವಿಮಾನ ನಿಲ್ದಾಣವೇನಾದರೂ ಇದೆಯೇ ಎಂದು ಕಂಡವರನ್ನೆಲ್ಲ ವಿಚಾರಿಸಿದ. "ಅಲ್ಲಿ ಕಾಗೆ ಬಿಟ್ರೆ ಬೇರೆ ಏನೂ ಹಾರಲ್ಲ" ಎಂದರು. ಅವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೊನ್ನೆ ಶುಕ್ರವಾರ ಸಾಹೇಬರು ಕರೆದು ಹೇಳಿದರು. "ವರ್ಗ ಕೊಡ್ತೀನಿ. ಆದ್ರೆ ಫೋನಲ್ಲಿ ಒಪ್ಕೊಂಡು ಆಮೇಲೆ ಹೆಂಡತಿ ಬೇಡ ಅಂದ್ಲು ಅನ್ನೋರ್ನ ಬಹಳ ನೋಡಿದೀನಿ. ಭಾನುವಾರದವರೆಗೂ ಯೋಚ್ನೆ ಮಾಡಿ, ಸಾಯಂಕಾಲ ನಾಲ್ಕಕ್ಕೆ ನಮ್ಮನೆಗೆ ಬಂದು ನನ್ ಮುಂದೆ 'ಹೋಗ್ತೀನಿ' ಅನ್ನಿ. ಬರಲಿಲ್ಲ ಅಂದ್ರೆ ಆ ಜಾಗ ಬೇರೆಯವರಿಗೆ."

ಭಾನುವಾರ ಬೆಳಗ್ಗೆ ಬಾಗಿಲ ಮುಂದೆ ಮಾವನ ಸ್ಕೂಟರು ಗುಟುರು ಹಾಕಿತು.

"ಮಾವ, ಇವತ್ತೊಂದಿನ ಬೇಡ. ನಾಲ್ಕು ಗಂಟೆಗೆ ಒಂದ್ ಕಡೆ ಹೋಗ್ಬೇಕು."

"ನಾಲ್ಕಕ್ಕೆ ತಾನೇ? ಊಟದ ಹೊತ್ತಿಗೆ ಮುಗ್ಸಿ ಬಿಟ್ಟುಬಿಡ್ತೀನಿ ಅಳಿಯಂದ್ರೇ. ಹತ್ತಿ."

ಹತ್ತಿದ. ಹಿಂದಿನ ಸೀಟಿನಲ್ಲಿ, ಮಡಿಲಿನ ಮೇಲೆ ದೊಡ್ಡ ಡ್ರಿಲ್ಲು.

ಶೆಡ್ಡಿಗೆ ಹೋಗುವ ದಾರಿಯಲ್ಲಿ ಎರಡು ಮ್ಯೂಸಿಯಂ. ಮಾವ ಎರಡಕ್ಕೂ ಹಾಜರಿ ಹಾಕದೆ ಮುಂದೆ ಹೋದವರಲ್ಲ. ಮೊದಲನೆಯದು ಎಂಜಿನ್ನುಗಳದ್ದು. ಅಲ್ಲಿ ಅವರು ತಮ್ಮ ಬಾಂಬರಿನ ಎಂಜಿನ್ನಿನ ಅಣ್ಣನಂತಿದ್ದ ಒಂದರ ಮುಂದೆ ನಿಂತು, ಪ್ರತಿ ವಾರ ಹೇಳುವುದನ್ನೇ ಮತ್ತೆ ಮೊದಲಿಂದ ಹೇಳಿದರು. ಅಳಿಯ ಗಡಿಯಾರ ನೋಡಿಕೊಂಡು ಪ್ರತಿ ವಾರದಂತೆ "ಬಹಳ ಚೆನ್ನಾಗಿದೆ ಮಾವ" ಎಂದ. ಎರಡನೆಯದು ಪ್ಯಾರಾಶೂಟುಗಳದ್ದು. ಡ್ರಿಲ್ಲು ಅಲ್ಲಿಂದಲೇ ಎರವಲು ತಂದದ್ದು. ಅದು ಕಂಡೊಡನೆ ಅಳಿಯನ ತಲೆ ಚುರುಕಾಯಿತು. ಡ್ರಿಲ್ಲಿಲ್ಲದಿದ್ದರೆ ಕೆಲಸವೂ ಇಲ್ಲ!

"ಪಾಪ, ಅವರ ಸಾಮಾನು ಎಷ್ಟು ದಿನ ಇಟ್ಕೊಳ್ಳೋದು ಮಾವ? ಇವತ್ತೇ ಕೊಟ್ಬಿಡೋಣ" ಎಂದವನೇ ಮಾವ ಬಾಯಿ ತೆರೆಯುವ ಮೊದಲೇ ಓಡಿ ಹೋಗಿ ಅಲ್ಲಿನ ಮೇಲ್ವಿಚಾರಕನ ಕೈಗೆ ಅದನ್ನು ಹಾಕಿದ. ಆತ ಬೀರುವಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುವುದನ್ನು ಕಣ್ಣಾರೆ ನೋಡಿಯೇ ಹಿಂದಿರುಗಿದ.

"ಒಳ್ಳೇ ಕೆಲಸ ಮಾಡಿದ್ರಿ" ಎಂದು ಮಾವ ಸ್ಕೂಟರು ಒದ್ದರು. "ತೂತೆಲ್ಲ ಹೋದ ವಾರಾನೇ ಕೊರೆದಾಗಿದೆ. ಇವತ್ತು ಬರೀ ರಿವೆಟ್ ಬಡಿಯೋದು."

ಅಳಿಯ ದಾರಿಯುದ್ದಕ್ಕೂ ಬರಿದಾದ ತನ್ನ ಮಡಿಲನ್ನೇ ನೋಡುತ್ತ ಕೂತ.

ಶೆಡ್ಡಿನಲ್ಲಿ ದಂತವೈದ್ಯರು, ನಿವೃತ್ತ ಬ್ಯಾಂಡ್ ಮೇಷ್ಟ್ರು ಎಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಯಾರೋ ದೊಡ್ಡ ಅತಿಥಿ ಬರುವವರಿದ್ದಾರಂತೆ. ಅವರು ಬರುವುದರೊಳಗೆ ಬಲ ರೆಕ್ಕೆಯ ಕೊನೆಯ ತಗಡು ಮುಚ್ಚಬೇಕು. ಅಳಿಯ ರೂಢಿಯಂತೆ ಜೇಬು ಬರಿದು ಮಾಡಿದ. ಒಳಗೆ ಏನೂ ಬೀಳಬಾರದೆಂದು ಫೋನು, ಗಡಿಯಾರ, ಬಾಚಣಿಗೆ ಎಲ್ಲ ಬಿಸ್ಕತ್ತಿನ ಡಬ್ಬಿಗೆ ಹೋಗಬೇಕೆಂಬುದು ಅಲ್ಲಿನ ಕಾಯಿದೆ. ಕಬ್ಬಿಣದ ಗಟ್ಟಿ ಹಿಡಿದು ಒಳಗೆ ನುಸುಳಿದ. ತಗಡು ಬಂದು ಬೆಳಕನ್ನು ಮುಚ್ಚಿತು.

"ನೋವಾದ್ರೆ ಕೈ ಎತ್ತಿ" ಎಂದರು ದಂತವೈದ್ಯರು.

ಆಮೇಲೆ ತಲೆಯೊಳಗೇ ಬಡಿದಂತೆ ಸದ್ದು. ಒಂದು ಸಾಲು, ಎರಡು ಸಾಲು, ಹತ್ತು ಸಾಲು. ಅಳಿಯ ಹಲ್ಲು ಕಚ್ಚಿ ಒತ್ತಿ ಹಿಡಿದ. ಇದೇ ಕೊನೆಯ ಭಾನುವಾರ, ಇನ್ನು ಸ್ವಲ್ಪ ಹೊತ್ತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಡೆಯ ರಿವೆಟ್ ಕೂತಾಗ ಹೊರಗೆ ಸಂಭ್ರಮವೋ ಸಂಭ್ರಮ. ಅಳಿಯ ಯಾವಾಗಲೂ ಹೊರಬೀಳುತ್ತಿದ್ದ ರೆಕ್ಕೆಯ ಬುಡದ ಕಡೆಗೆ ತೆವಳಿದ. ತಲೆ ಢಣ್ ಎಂದಿತು.

"ಮಾವ, ಇಲ್ಲಿ ದಾರಿ ಇಲ್ಲ!"

ಹೊರಗಿನ ಸಂಭ್ರಮ ತಟ್ಟನೆ ನಿಂತಿತು. ತುಸು ಹೊತ್ತಿನ ಮೇಲೆ ಬ್ಯಾಂಡ್ ಮೇಷ್ಟ್ರ ಸಣ್ಣ ದನಿ ಕೇಳಿಸಿತು. "ಬುಧವಾರ ರೆಕ್ಕೆನ ಮೈಗೆ ಜೋಡಿಸಿ ಬೋಲ್ಟ್ ಹಾಕಿದ್ವಲ್ಲ…"

"ಅಯ್ಯೋ, ಹೌದಲ್ರೀ."

"ಮತ್ತೆ ಅಳಿಯಂದ್ರು ಹೊರಗೆ ಬರೋದು ಹೆಂಗೆ?"

"ಅದನ್ನ ನೀವು ಯೋಚ್ನೆ ಮಾಡಿರ್ತೀರಿ ಅಂದ್ಕೊಂಡಿದ್ದೆ."

"ನಾನು ನೀವು ಮಾಡಿರ್ತೀರಿ ಅಂದ್ಕೊಂಡೆ."

ರೆಕ್ಕೆಗೆ ಯಾವ ಬಣ್ಣ ಬಳಿಯಬೇಕೆಂದು ಮೂರು ತಿಂಗಳು ಚರ್ಚೆ ಮಾಡಿದ ಮಹನೀಯರು ಇವರು. ಒಳಗಿನ ಮನುಷ್ಯನನ್ನು ಈಚೆ ತೆಗೆಯುವ ವಿಷಯ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಅಳಿಯನಿಗೆ ಕಣ್ಣೀರು ಬಂತು. ಒರೆಸಿಕೊಳ್ಳೋಣವೆಂದರೆ ಮೊಣಕೈ ಮಡಚಲು ಜಾಗವಿಲ್ಲ.

"ಗಾಬರಿ ಬೇಡ" ಎಂದರು ದಂತವೈದ್ಯರು. "ಹಾಕೋದಕ್ಕಿಂತ ಕೀಳೋದು ಸುಲಭ, ಇದು ನನ್ನ ಅನುಭವ. ಒಂದು ಸಾಲು ರಿವೆಟ್ ಕೊರೆದು ತೆಗೆದ್ರೆ ಆಯ್ತು. ಎಲ್ಲಿ, ಡ್ರಿಲ್ಲು ಕೊಡಿ."

ಯಾರ ಕೈಯಲ್ಲೂ ಡ್ರಿಲ್ಲಿಲ್ಲ. ಅದು ಯಾರ ಬೀರುವಿನಲ್ಲಿದೆ ಎಂಬುದು ಒಳಗಿದ್ದವನಿಗೆ ಎಲ್ಲರಿಗಿಂತ ಮೊದಲು ನೆನಪಾಯಿತು.

ಬ್ಯಾಂಡ್ ಮೇಷ್ಟ್ರು ಮಾವನ ಸ್ಕೂಟರಿನಲ್ಲಿ ಪ್ಯಾರಾಶೂಟ್ ಮ್ಯೂಸಿಯಮ್ಮಿಗೆ ದೌಡಾಯಿಸಿದರು. ಹೋದವರು ಫೋನು ಮಾಡಿದರು. ಮೇಲ್ವಿಚಾರಕ ಊಟಕ್ಕೆ ಮನೆಗೆ ಹೋಗಿದ್ದಾನೆ, ಕೀಲಿ ಅವನ ಜೇಬಿನಲ್ಲಿದೆ, ಮನೆ ಹುಡುಕುತ್ತಿದ್ದೇನೆ. ಆಮೇಲೆ ಇನ್ನೊಂದು ಫೋನು. ಮನೆ ಸಿಕ್ಕಿತು, ಆತ ಮಲಗಿದ್ದಾನೆ, ಭಾನುವಾರ ಮಧ್ಯಾಹ್ನ ಎಬ್ಬಿಸಲು ಹೆಂಡತಿ ಬಿಡುತ್ತಿಲ್ಲ. ಅದನ್ನು ಕೇಳಿ ಅಳಿಯನಿಗೆ ತನ್ನ ಕಷ್ಟಕ್ಕಿಂತ ಆ ಪುಣ್ಯವಂತನ ಮೇಲಿನ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ರೆಕ್ಕೆಯ ತಳದಲ್ಲಿ ಕೈ ತೂರುವಷ್ಟು ಒಂದು ತೂತು ಇತ್ತು. ಮಾವ ಅದರಿಂದ ಒಂದೊಂದೇ ಬಿಸ್ಕತ್ತು ಒಳಗೆ ಕೊಟ್ಟರು.

"ಬಿಸ್ಕತ್ ಬೇಡ ಮಾವ, ಗಂಟೆ ಎಷ್ಟು ಹೇಳಿ."

"ಮೂರೂವರೆ. ಅಳಿಯಂದ್ರೇ, ನಿಮ್ಮ ಕಾಲು ಹಿಡ್ಕೋತೀನಿ ಅಂದ್ಕೊಳ್ಳಿ. ಅತಿಥಿಗಳ ಕಾರು ಬಂತು. ಅಳಿಯನ್ನೇ ಒಳಗಿಟ್ಟು ಮುಚ್ಚಿದ್ದಾರೆ ಅಂತ ಗೊತ್ತಾದ್ರೆ ಈ ಜನ್ಮದಲ್ಲಿ ತಲೆ ಎತ್ತೋ ಹಾಗಿಲ್ಲ. ಡ್ರಿಲ್ ಬರೋವರೆಗೂ ಉಸಿರು ಬಿಡಬೇಡಿ."

ಅಳಿಯ ಉಸಿರು ಬಿಗಿಹಿಡಿದ. ಬೂಟಿನ ಸದ್ದು ಹತ್ತಿರ ಬಂತು. ಮಾವ ಎಂಜಿನ್ನಿನ ಕತೆ ಮೊದಲಿಂದ ಶುರುಮಾಡಿದರು. ಬಂದವರು ಗಂಟಲು ಸರಿಮಾಡಿಕೊಂಡು ಮಾತಾಡಿದರು.

"ಎಲ್ಲಾ ಸರಿ. ಎಲ್ಲಿ ನಿಮ್ಮ ಅಳಿಯ?"

ಅಳಿಯ ಕಿವಿಯನ್ನು ತಗಡಿಗೆ ಒತ್ತಿದ. ಸಾಹೇಬರ ದನಿ! ಇವರು ಇಲ್ಲಿಗೆ ಯಾಕೆ ಬಂದರು, ಮಾವನಿಗೆ ಇವರು ಹೇಗೆ ಗೊತ್ತು, ಒಂದೂ ತಿಳಿಯಲಿಲ್ಲ.

"ಇಲ್ಲೇ… ಹೊರಗೆ ಹೋಗಿದಾರೆ ಸಾರ್. ಈಗ ಬರ್ತಾರೆ" ಎಂದು ಮಾವ ತೊದಲಿದರು.

"ನಾಲ್ಕಾಗ್ತಾ ಬಂತು. ನನಗೆ ಬೇರೆ ಕೆಲಸ ಇದೆ. ಅವರ ಬಾಯಿಂದಾನೇ ಕೇಳ್ಬೇಕು ನಾನು. ಸಿಗಲ್ಲ ಅಂದ್ರೆ ಆ ಜಾಗ ಬೇರೆಯವರಿಗೆ ಕೊಟ್ಬಿಡ್ತೀನಿ."

"ಇನ್ನೊಂದು ಗಳಿಗೆ ಸಾರ್, ಟೀ ಕುಡೀರಿ…"

"ಬೇಡ ಬೇಡ, ಬರ್ತೀನಿ."

ಬೂಟಿನ ಸದ್ದು ತಿರುಗಿತು. ಮಾವ ಗುಟ್ಟು ತಿಳಿದು ಬೇಕೆಂದೇ ತನ್ನನ್ನು ಒಳಗಿಟ್ಟು ನಾಲ್ಕು ಗಂಟೆ ದಾಟಿಸುತ್ತಿದ್ದಾರೆ, ಅನುಮಾನವೇ ಇಲ್ಲ ಎಂದುಕೊಂಡ ಅಳಿಯ. ಇಷ್ಟು ವರ್ಷ ಒಳಗೆ ಅದುಮಿಟ್ಟದ್ದೆಲ್ಲ ಒಮ್ಮೆಲೇ ಮೇಲೆ ಬಂತು. ಮಾವನ ಮರ್ಯಾದೆ ಮಣ್ಣು ಪಾಲಾದರೂ ಚಿಂತೆಯಿಲ್ಲ. ತೂತಿನಿಂದ ಕೈ ಹೊರಗೆ ತೂರಿಸಿ ಬೀಸುತ್ತ ಅರಚಿಕೊಂಡ.

"ಹೋಗ್ತೀನಿ ಸಾರ್! ಹೋಗ್ತೀನಿ! ಇವತ್ತೇ ಬೇಕಾದ್ರೂ ಹೋಗ್ತೀನಿ! ಅಲ್ಲೇ ರಿಟೈರ್ ಆಗ್ತೀನಿ ಸಾರ್!"

ಸಾಹೇಬರು ಹೌಹಾರಿ ದಂತವೈದ್ಯರ ಮೇಲೆ ಬಿದ್ದರು. "ಏನ್ರೀ ಇದು, ವಿಮಾನ ಮಾತಾಡ್ತಿದೆ!"

ಕೊನೆಗೆ ಮಾವ ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದರು. ಸಾಹೇಬರು ರೆಕ್ಕೆಯ ಕೆಳಗೆ ಬಗ್ಗಿ, ತೂತಿನಿಂದ ಇಳಿಬಿದ್ದಿದ್ದ ಕೈಯನ್ನು ಹಿಡಿದು ಕುಲುಕಿದರು. "ಭೇಷ್! ಇಂಥ ಹುರುಪು ನಾನು ಯಾರಲ್ಲೂ ನೋಡಿಲ್ಲ. ಆಯ್ತು, ಜಾಗ ನಿಮ್ಮದೇ. ಇಷ್ಟು ಜನರ ಮುಂದೆ ಒಪ್ಕೊಂಡಿದೀರಿ, ಇನ್ನು ನೀವೂ ಮಾತು ಬದಲಾಯಿಸೋ ಹಾಗಿಲ್ಲ, ನಾನೂ ಬದಲಾಯಿಸಲ್ಲ."

ಕಾರು ಹೋದ ಮೇಲೆ ಡ್ರಿಲ್ಲು ಬಂತು. ತಗಡು ತೆಗೆದು ಎಳೆದಾಗ ಅಳಿಯ ಗ್ರೀಸು ಮೆತ್ತಿಕೊಂಡು, ಕಾಲು ಜೋಮು ಹಿಡಿದು, ನಗುತ್ತ ಕೆಳಗೆ ಬಿದ್ದ. ಎದುರಿಗೆ ಮಾವ. ಅವರ ಕಣ್ಣು ತುಂಬಿತ್ತು. ಗೆದ್ದವನಿಗೆ ಈಗ ಕನಿಕರ ಹುಟ್ಟಿತು.

"ತಪ್ಪಾಯ್ತು ಮಾವ. ನಿಮಗೆ ಹೇಳ್ದೆ ವರ್ಗ ಕೇಳಿದ್ದೆ."

ಮಾವ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡರು.

"ನನಗೆ ಗೊತ್ತಿತ್ತು ಅಳಿಯಂದ್ರೇ! ನಿಮ್ಮ ಸಾಹೇಬರೂ ನಾನೂ ದಿನಾ ಬೆಳಗ್ಗೆ ಜೊತೇಲೇ ವಾಕಿಂಗ್ ಹೋಗೋದು. ನೀವು ಯಾವ ಊರು ಕೇಳಿದೀರಿ ಅಂತ ಅವರು ಹೇಳಿದಾಗ ನಾನು ರಸ್ತೇಲೇ ಅತ್ತುಬಿಟ್ಟೆ. ಕೂಡ್ಲೇ ಕೊಡಿ ಅಂತ ಅವರ ಬೆನ್ನು ಹತ್ತಿದೆ. ಮನೆಗೆ ಯಾಕೆ ಕರೆಸ್ತೀರಿ, ಶೆಡ್ಡಿಗೇ ಬನ್ನಿ ಅಂದೋನೂ ನಾನೇ."

"ಅತ್ತಿದ್ದು ಯಾಕೆ ಮಾವ?"

"ಅಲ್ಲಿನ ಹಳೇ ಗಿರಣಿಯಲ್ಲಿ ಮ್ಯೂಸಿಯಂ ಮಾಡಿದಾರಲ್ಲ, ಅಲ್ಲೂ ಒಂದು ಬಾಂಬರ್ ಬಿದ್ದಿದೆ. ನಮ್ಮದರ ಎರಡರಷ್ಟು ದೊಡ್ಡದು, ನಾಲ್ಕು ಎಂಜಿನ್ನಿಂದು. ಒಳಗೆ ಹೋಗೋರಿಲ್ಲ ಅಂತ ಅವರು ಇನ್ನೂ ಶುರುವೇ ಮಾಡಿಲ್ಲ. ಮನೆ ಮಠ ಬಿಟ್ಟು ಅದಕ್ಕೋಸ್ಕರ ಅಷ್ಟು ದೂರ ಹೋಗ್ತೀನಿ ಅಂದ್ರಲ್ಲ, ಇಂಥ ಅಳಿಯ ಯಾರಿಗೆ ಸಿಕ್ತಾನೆ! ನೀವು ಬರ್ತಿದೀರಿ ಅಂತ ಅವರಿಗೆ ಫೋನ್ ಮಾಡಿ ಹೇಳಿದೀನಿ. ಭಾನುವಾರ ಒಂದೇ ಸಾಲಲ್ಲ, ಶನಿವಾರಾನೂ ಬರಲಿ ಅಂದ್ರು. ಹೂಂ ಅಂದೆ."

ಅಳಿಯ ಸಾಹೇಬರನ್ನು ಹಿಡಿಯಲು ಜೋಮು ಹಿಡಿದ ಕಾಲಲ್ಲೇ ಎದ್ದ. ಗೇಟಿನ ಕಡೆ ನೋಡಿದ. ಸಾಹೇಬರ ಕಾರಿನ ಧೂಳು ಕೂಡ ಕೂತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಶೆಡ್ಡಿನ ಮೂಲೆಯಲ್ಲಿ, ಎಲುಬು ಬಿಟ್ಟುಕೊಂಡು ಬಿದ್ದಿದ್ದ ಎಡ ರೆಕ್ಕೆ ಕಾಣಿಸಿತು.

"ಮಾವ, ನಾನು ಹೋದ್ರೆ ಎಡ ರೆಕ್ಕೆ ಗತಿ ಏನು? ಅದನ್ನ ಮುಚ್ಚೋರು ಯಾರು? ಬೇಡ ಮಾವ, ನಾನು ಇಲ್ಲೇ ಇರ್ತೀನಿ. ಪ್ರತಿ ಭಾನುವಾರ ಬರ್ತೀನಿ!"

ಮಾವ ಅವನ ಬೆನ್ನು ತಟ್ಟಿದರು. "ಅದರ ಚಿಂತೆ ಬಿಡಿ. ಜನಕ್ಕೆ ಒಳಗಿನ ಎಲುಬು ಕಾಣಲಿ ಅಂತ ಎಡ ರೆಕ್ಕೇನ ಹಂಗೇ ತೆರೆದು ಇಡೋದು ಅಂತ ತೀರ್ಮಾನ ಆಯ್ತು. ನೀವು ಇವತ್ತು ಹಿಡಿದಿದ್ದೇ ಕೊನೇ ತಗಡು. ಇನ್ನು ಇಲ್ಲಿ ನಿಮಗೆ ಏನ್ ಕೆಲಸ? ಇಲ್ಲೇ ಇದ್ದಿದ್ರೆ ಭಾನುವಾರ ಬಂತು ಅಂದ್ರೆ ಉಂಡು ಮನೇಲಿ ಬಿದ್ಕೋಬೇಕಿತ್ತು ಅಷ್ಟೆ."