ಪುಸ್ ಅನ್ನದ ಕಂಪ್ಯೂಟರು

ಲಗ್ನವಾದಾಗಿನಿಂದ ಇಂದ್ರವ್ವನಿಗೆ ಒಂದೇ ದೂರು: ಗಂಡ ಹೊಳೆಪ್ಪ ಗೊರಕೆ ಹೊಡೆಯುತ್ತಾನೆ. ಹೊಳೆಪ್ಪ ತೀರಿಕೊಂಡ ಮೇಲೂ ಒಂದೇ ದೂರು: ಮನೆಯಲ್ಲಿ ಸಪ್ಪಳವಿಲ್ಲ. (ದೂರು ಬದಲಾಯಿತು, ದೂರುವವಳು ಬದಲಾಗಲಿಲ್ಲ.)

ಹೊಳೆಪ್ಪ ಹಿಡಕಲ್ ಡ್ಯಾಮಿನಲ್ಲಿ ಗೇಟಿನ ನೌಕರಿ ಮಾಡಿದವನು. ಅಲ್ಲಿ ನೀರಿನ ಗೇಟು ತೆಗೆದು ಬರುತ್ತಾನೆ, ಮನೆಯಲ್ಲಿ ಉಂಡು ಮಲಗಿ ತನ್ನ ಗೇಟು ತೆಗೆಯುತ್ತಾನೆ ಎಂದು ಓಣಿಗೆಲ್ಲ ಸಾರಿದವಳು ಇಂದ್ರವ್ವನೇ. ಮೊದಲು ಗುರ್ರ್ ಎಂಬ ಎಳೆತ. ನಡುವೆ ಟಕ್ ಎಂದು ಒಂದು ತಡೆ. ಕಡೆಗೆ ಪುಸ್. ಆಗ ಇಂದ್ರವ್ವ ಮೊಣಕೈಯಿಂದ ತಿವಿದು, "ಮಗ್ಗಲಾಗ್ರಿ" ಅನ್ನುವಳು. ಅವನು ಒಂದು ಮಾತೂ ಆಡದೆ ಮಗ್ಗಲಾಗುವನು. ಸಂಸಾರ ನಡೆದದ್ದೇ ಹಾಗೆ.

ಈಗ ಮೊಣಕೈಗೆ ಕೆಲಸವಿಲ್ಲ. ಕಣ್ಣಿಗೆ ನಿದ್ದೆಯಿಲ್ಲ. ಚಾಪೆ ಹಾಸುವುದು, ಜಂತಿ ನೋಡುವುದು, ಏಳುವುದು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಏನೆಂದು ಹೇಳುವುದು? ಒಂದು ಗೊರಕೆ ಬೇಕಾಗಿದೆ ಎಂದೇ?

ಸೊಸೆ ಕಾಜಲ್ ಕೌಜಲಗಿಯವಳು. ಮನೆಯಲ್ಲೇ ಕೂತು ಮೂಡಲಗಿಯ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿ ಕಳಿಸುತ್ತಿದ್ದಳು. ಅವಳ ಹಳೆಯ ಲ್ಯಾಪ್‌ಟಾಪು ಎಷ್ಟು ನಿಧಾನವೆಂದರೆ, ವರನ ಹೆಸರು ಮೂಡಿ ವಧುವಿನ ಹೆಸರು ಬರುವುದರೊಳಗೆ ಮುಹೂರ್ತ ಮೀರುತ್ತಿತ್ತು.

"ಅತ್ತಿ, ಈ ಸಲ ರೆಡಿಮೇಡ್ ಕಂಪ್ಯೂಟರ್ ಬ್ಯಾಡ್ರಿ. ಬಿಡಿ ಸಾಮಾನ ನಾನ ಆರಿಸಿ, ನಾನ ಜೋಡಸ್ತೇನಿ. ಗೋಕಾಕಕ್ಕ ಹೋಗಿ ಬರ್ತೇನ್ರಿ."

"ನಾನೂ ಬರ್ತೇನಿ."

"ನಿಮಗೇನ ತಿಳಿತೈತ್ರಿ ಅದರಾಗ?"

"ಕೊಡಾ ತರೂಮುಂದ ಕುಂಬಾರಕಿ ಕಲತ ಹೋಗಿದ್ನೇನ? ಬಡದ ಕೇಳಿ ತಂದ್ನಿ. ಇನ್ನೂ ಸೋರಿಲ್ಲ."

ಅದು ಖರೆ. ಸಪ್ಪಳ ಕೇಳದೆ ಇಂದ್ರವ್ವ ಏನನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಕೊಡ ಬಡಿಯುವಳು, ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸುವಳು. (ಕಾಜಲ್‌ಳನ್ನು ನೋಡಲು ಹೋದಾಗಲೂ, "ಮಾತಾಡಸ್ರಿ, ದನಿ ಕೇಳೂಣು" ಎಂದಿದ್ದಳು. ಆ ದಿನ ಹುಡುಗಿ ದನಿಯನ್ನು ಅಡಗಿಸಿಟ್ಟಿದ್ದಳೆಂಬುದು ಲಗ್ನವಾದ ಮೇಲೆ ತಿಳಿಯಿತು.)

ಗೋಕಾಕದ ಅಂಗಡಿಯಲ್ಲಿ ಬಸವಲಿಂಗ ಎಂಬವನು ಕುರ್ಚಿ ಕೊಟ್ಟ. ಇಂದ್ರವ್ವ ಕೂರಲಿಲ್ಲ. ಸಾಲಾಗಿ ನಿಲ್ಲಿಸಿದ್ದ ಖಾಲಿ ಕ್ಯಾಬಿನೆಟ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿಯುತ್ತಾ ನಡೆದಳು.

"ಕಾಕು, ಅದು ಮಡಕಿ ಅಲ್ರಿ."

"ಗೊತ್ತೈತಿ. ಮಡಕಿ ಇದಕಿಂತ ದಪ್ಪ ಇರತೈತಿ."

ಬಸವಲಿಂಗ ಹಸಿರು ಹಲಗೆಯೊಂದನ್ನು ಮುಂದಿಟ್ಟ. "ಇದು ಮದರ್ ಬೋರ್ಡ್ ರೀ. ಉಳಿದಿದ್ದೆಲ್ಲಾ ಇದಕ್ಕ ಜೋಡಸೂದು."

"ಅಂದ್ರ ಅವ್ವ."

"ಹೂನ್ರಿ."

"ಅಪ್ಪಂದು?"

"ಅಪ್ಪಂದ ಬರಂಗಿಲ್ರಿ ಕಾಕು."

"ನಮ್ಮ ಮನಿ ಇದ್ದಂಗ ಐತಿ. ಕಟ್ಟ."

ಮುಂದೆ ಬೆರಳುದ್ದದ ಒಂದು ಚೂರು ಬಂತು. ಲಗ್ನಪತ್ರಿಕೆಗಳೆಲ್ಲ ಇದರೊಳಗೇ ಉಳಿಯುತ್ತವೆ ಎಂದಳು ಕಾಜಲ್. ಇಂದ್ರವ್ವ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಮೂಕ ಐತಿ."

"ಮೂಕ ಇದ್ರೂ ಭಾಳ ಚುರುಕ ರೀ ಅತ್ತಿ."

"ಇರ್ಲಿ ತಗೋ. ಮನ್ಯಾಗ ಮಾತಾಡವ್ರಿಗೇನ ಕಡಿಮಿ ಇಲ್ಲ" ಎಂದು ಸೊಸೆಯ ಮುಖ ನೋಡಿದಳು.

ಇಷ್ಟರವರೆಗೆ ಸುಸೂತ್ರ. ಜಗಳ ಹತ್ತಿದ್ದು ಫ್ಯಾನಿಗೆ. ಕಂಪ್ಯೂಟರಿನ ಡಬ್ಬಿಯೊಳಗಿನ ಕಾವನ್ನು ಹಿಂದಿನಿಂದ ಹೊರಗೆ ಹಾಕಲು ಅಂಗೈಯಷ್ಟು ಫ್ಯಾನು ಬೇಕು. ಬಸವಲಿಂಗ ಬಣ್ಣಬಣ್ಣದ ದೀಪವಿದ್ದದ್ದನ್ನು ತೆಗೆದು ತಿರುಗಿಸಿ ತೋರಿಸಿ, ಕಾಜಲ್‌ಳ ಕೈಗಿಟ್ಟ.

"ಸಪ್ಪಳ ಅನ್ನೂದ ಇಲ್ರಿ. ಬಾಜೂಕ ಕೂಸ ಮಲಗಿದ್ರೂ ಏಳಂಗಿಲ್ಲ."

"ದೊಡ್ಡವ್ರ ಮಲಗಿದ್ರ?"

"ಅವ್ರೂ ಏಳಂಗಿಲ್ರಿ."

"ಏಳೂದಲ್ಲೋ ತಮ್ಮಾ. ಅವ್ರಿಗೆ ನಿದ್ದಿ ಹತ್ತತೈತೇನು?"

ಈ ಪ್ರಶ್ನೆಗೆ ಉತ್ತರ ಬಸವಲಿಂಗನ ಯಾವ ಡಬ್ಬಿಯ ಮೇಲೂ ಬರೆದಿರಲಿಲ್ಲ. ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಮೂಲೆಯಿಂದ ದನಿಯೊಂದು ಬಂತು. ರಿಪೇರಿಗೆ ಬಂದ ಯಾರದೋ ಹಳೆಯ ಕಂಪ್ಯೂಟರು ನರಳುತ್ತಿತ್ತು. ಗುರ್ರ್... ಟಕ್. ಗುರ್ರ್... ಟಕ್.

ಇಂದ್ರವ್ವ ಅತ್ತ ಹೋದಳು. ಅದರ ಮುಂದೆ ನಿಂತಳು. ಸೆರಗು ಸರಿಮಾಡಿಕೊಂಡಳು.

"ಇದು ಬೇಕು."

"ಆ ಫ್ಯಾನ್ ಕೆಟ್ಟೈತ್ರಿ ಕಾಕು. ಅವರದಕ್ಕ ಹೊಸಾದ ಹಾಕಿ ಅದನ್ನ ಒಗಿಯಾಂವ ಇದ್ನಿ."

"ತಿರಗತೈತಿಲ್ಲೋ?"

"ತಿರಗತೈತ್ರಿ."

"ಮತ್ತೇನ ಕೆಟ್ಟೈತಿ? ಒಗಿಯೂದನ್ನ ನಮಗ ಕೊಡು." ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದಳು: "ಕಡೀಕ ಒಂದ ಪುಸ್ ಅನಸಾಕ ಬರತೈತೇನು?"

"ಪುಸ್ ಅಂದ್ರ ಸೈಕಲ್ ಪಂಕ್ಚರ್ ರೀ. ಕಂಪ್ಯೂಟರಿನಾಗ ಬರಂಗಿಲ್ಲ."

ಕಾಜಲ್‌ಳ ಅಡಗಿಸಿಟ್ಟ ದನಿ ಈಗ ಪೂರ್ತಿ ಹೊರಬಂತು. "ಅತ್ತೀ! ಜನಾ ಸಪ್ಪಳ ಇಲ್ಲದ್ದ ಬೇಕಂತ ಹುಡಕ್ಯಾಡಿ ಒಯ್ತಾರ. ನಿಮ್ದೊಂದ ಉಲ್ಟಾ!"

"ಸಪ್ಪಳ ಇಲ್ಲದ್ದು ಮನ್ಯಾಗ ಒಂದೈತಿ. ಮಾಲಿ ಹಾಕಿ ಗ್ವಾಡಿಗಿ ತೂಗಹಾಕೇನಿ."

ಮೂಲೆಯ ಫ್ಯಾನೊಂದೇ ಗುರ್ರ್, ಟಕ್ ಅನ್ನುತ್ತಿತ್ತು. ಕಾಜಲ್ ಕೈಯಲ್ಲಿದ್ದ ಬಣ್ಣದ ಫ್ಯಾನನ್ನು ಕೆಳಗಿಟ್ಟಳು.

"ಅಣ್ಣಾರ, ಡಬ್ಬಿ ಹಿಂದ ಹಾಕಾಕ ಅದನ್ನ ಕೊಡ್ರಿ."

ಮನೆಗೆ ಬಂದು ಕಾಜಲ್ ಪಡಸಾಲೆಯಲ್ಲಿ ಎಲ್ಲ ಹರವಿಕೊಂಡು ಜೋಡಿಸಿದಳು. ಪರದೆ, ಕೀಬೋರ್ಡು ಮೇಜಿನ ಮೇಲೆ ಹೋದವು. ಡಬ್ಬಿ ಮಾತ್ರ ಇಂದ್ರವ್ವನ ಹುಕುಮಿನಂತೆ ನೆಲದ ಮೇಲೆ, ಅವಳ ಚಾಪೆಯ ಎಡಕ್ಕೆ ಬಂತು. ಅದು ಹೊಳೆಪ್ಪ ಮಲಗುತ್ತಿದ್ದ ಮಗ್ಗಲು.

"ಅತ್ತಿ, ಕಂಪ್ಯೂಟರ್ ನಂದೋ ನಿಮ್ದೋ?"

"ಕೆಲಸಾ ನಿಂದು. ಸಪ್ಪಳ ನಂದು."

ಮಧ್ಯಾಹ್ನದ ಊಟವಾಯಿತು. ಕಾಜಲ್ ಕಿವಿಗೆ ಅರಳೆ ಇಟ್ಟುಕೊಂಡು ಯಾರದೋ ಲಗ್ನಕ್ಕೆ ಕೂತಳು. ಗುರ್ರ್... ಟಕ್. ಇಂದ್ರವ್ವ ಉರುಳಿಕೊಂಡು ಜಂತಿ ನೋಡಿದಳು. ಗುರ್ರ್... ಟಕ್. ರೂಪಾಯಿಗೆ ಹನ್ನೆರಡಾಣೆ ಅವರಂಗೇ ಐತಿ, ಪುಸ್ ಒಂದ ಕಡಿಮಿ, ಎಂದುಕೊಳ್ಳುತ್ತಿರುವಾಗಲೇ ಜಂತಿ ಕಾಣದಾಯಿತು. ಗಂಡ ಹೋದ ಮೇಲೆ ಅವಳಿಗೆ ಹಾಗೆ ನಿದ್ದೆ ಹತ್ತಿದ್ದು ಅಂದೇ.

ಎಷ್ಟು ಹೊತ್ತು ಮಲಗಿದ್ದಳೋ, ನಿದ್ದೆಯೊಳಗೇ ಸಿಟ್ಟು ಬಂತು. ಮೊಣಕೈ ತನ್ನ ಹಳೆಯ ನೌಕರಿಗೆ ತಾನೇ ಹಾಜರಾಯಿತು. "ಮಗ್ಗಲಾಗ್ರಿ!" ಎಂದು ಬಲವಾಗಿ ತಿವಿದಳು.

ಧಡ್ ಎಂದು ಡಬ್ಬಿ ಮಗ್ಗಲಾಯಿತು.

"ಅತ್ತೀ!" ಕಾಜಲ್ ಓಡಿಬಂದು ಡಬ್ಬಿಯನ್ನು ಹಿಡಿದಳು.

ಇಂದ್ರವ್ವ ಎದ್ದು ಕೂತಳು. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ. "ಮತ್ತೇನ, ಎಷ್ಟ ತಡಕೊಳ್ಳೂದು? ಗುರ್ರ್ ಅಂದ್ರ ಅನ್ಲಿ. ಮ್ಯಾಲೆ ಪುಸ್ ಬ್ಯಾರೆ..." ಮಾತು ಅಲ್ಲೇ ನಿಂತಿತು. "ಪುಸ್ ಅಂತು! ಕಾಜಲಾ, ನಾ ಕೇಳೇನಿ. ಬರಂಗಿಲ್ಲ ಅಂದಿದ್ನಲ್ಲ ಆ ಅಂಗಡಿಯಾಂವ?"

ಕಾಜಲ್ ಕಿವಿಯಿಂದ ಅರಳೆ ತೆಗೆದಳು. ನಗಬಾರದೆಂದು ತುಟಿ ಕಚ್ಚಿದರೂ ನಗು ಮೂಗಿನಿಂದ ಬಂತು.

"ಕರೆಂಟ್ ಹೋಗಿ ಭಾಳ ಹೊತ್ತಾತ್ರಿ ಅತ್ತಿ. ಕಂಪ್ಯೂಟರ್ ಬಂದ್ ಆಗೇತಿ."

"ಮತ್ತ ಗೊರಕಿ?"

"ನೀವ ಹೊಡಿಯಾಕತ್ತಿದ್ರಿ."

"ನಾನ?"

"ನೀವ ರೀ. ಗುರ್ರ್ ಅಂತ ಎಳದ್ರಿ, ಟಕ್ ಅಂತ ತಡದ್ರಿ, ಕಡೀಕ ಪುಸ್. ಅರಳಿ ಇದ್ರೂ ಕೇಳಸ್ತ್ರಿ."

ಡಬ್ಬಿಗೇನೂ ಆಗಿರಲಿಲ್ಲ. ಕಾಜಲ್ ಅದನ್ನು ನೆಟ್ಟಗೆ ನಿಲ್ಲಿಸಿ, ಚಹಾ ಇಡುತ್ತೇನೆಂದು ಒಳಗೆ ಹೋದಳು. ಅಲ್ಲಿಂದಲೂ ನಗುವುದು ಕೇಳುತ್ತಿತ್ತು.

ಇಂದ್ರವ್ವ ಗೋಡೆಯ ಕಡೆ ನೋಡಿದಳು. ಹೊಳೆಪ್ಪನೂ ಗೊರಕೆ ಹೊಡೆಯುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ಅದರಲ್ಲಿ ಅವನ ಪಾಲೆಷ್ಟು, ತನ್ನ ಪಾಲೆಷ್ಟು? ಪುಸ್ ಯಾರದು? ತನ್ನ ಪುಸ್ಸಿಗೂ ಅವನನ್ನೇ ತಿವಿದಳೋ ಏನೋ. ಅವನಂತೂ ಎಲ್ಲಕ್ಕೂ ತಾನೇ ಮಗ್ಗಲಾದ.

"ಒಂದ ಮಾತ ಹೇಳಬಾರದಿತ್ತೇನ್ರಿ?" ಎಂದಳು.

ಫೋಟೋ ಸುಮ್ಮನಿತ್ತು. ಅವನು ಬದುಕಿದ್ದಾಗಲೂ ಈ ಮಾತಿಗೆ ಅಷ್ಟೇ ಉತ್ತರ ಕೊಡುತ್ತಿದ್ದ.

ಕರೆಂಟು ಇನ್ನೂ ಬಂದಿರಲಿಲ್ಲ. ಇಂದ್ರವ್ವ ಮೊಣಕೈಯನ್ನು ತಲೆಯ ಕೆಳಗೆ ಮಡಿಸಿಟ್ಟುಕೊಂಡಳು. ಯಾರೂ ತಿವಿಯದೆ, ತಾನೇ ಮಗ್ಗಲಾದಳು.