ಪಾರಿವಾಳಕ್ಕಿಲ್ಲದ ಉರಿ ಸಿಬ್ಬಂದಿಗೇಕೆ ಎಂಬ ಬಗ್ಗೆ

ಸಂಖ್ಯೆ: ಉಗ್ರಾಣ/ಮೆಣಸಿನಪುಡಿ/ಸೀನು/೧೭

ವಿಷಯ: ಗುಡಿಸುವ ಸಿಬ್ಬಂದಿಯು ದೂಳು ತಡೆಯುವ ಕನ್ನಡಕ ಕೋರಿರುವ ಬಗ್ಗೆ.

ಉಲ್ಲೇಖ: ೧. ಗುಡಿಸುವವರಲ್ಲಿ ಹಿರಿಯರಾದ, ಎಲ್ಲರೂ ‘ದೊಡ್ಡಕ್ಕ’ ಎನ್ನುವ ಮಹಿಳೆಯ ಅಹವಾಲು.
೨. ಉಪನಿರ್ದೇಶಕರ ಸ್ಥಳ ಪರಿಶೀಲನಾ ವರದಿ (ಕಾರಿನೊಳಗಿನಿಂದ).

“ಸಾರ್, ಹನ್ನೊಂದು ವರ್ಷದಿಂದ ಈ ಪುಡಿ ಗುಡಿಸ್ತಿದೀನಿ. ಈಗ ಬೆಳಗ್ಗೆ ಎದ್ರೆ ಕಣ್ಣೇ ಬಿಡಕ್ಕಾಗಲ್ಲ. ಒಂದು ಕನ್ನಡಕ ಕೊಡ್ಸಿ, ಸಾಕು” ಎಂದು ದೊಡ್ಡಕ್ಕ ಅವರು ತಿಳಿಸಿರುತ್ತಾರೆ. ಕಣ್ಣೀರು ಕಂಡ ಕೂಡಲೇ ಕರಗುವ ಇಲಾಖೆ ಇದಲ್ಲವಾದರೂ, ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಉಗ್ರಾಣದ ತೊಲೆಗಳ ಮೇಲೆ ವಾಸವಿರುವ ಮೂವತ್ತಾರು ಪಾರಿವಾಳಗಳು ಮೆಣಸಿನ ಬೀಜ ಹೆಕ್ಕಿ ತಿಂದು ಹಾಯಾಗಿರುವುದು ಕಂಡುಬಂದಿದೆ. ಯಾವುದೇ ಪಾರಿವಾಳವು ಸೀನಿದ ಬಗ್ಗೆ ಕಡತದಲ್ಲಿ ದಾಖಲೆ ಇರುವುದಿಲ್ಲ.

೨. ತಜ್ಞರ ಪ್ರಕಾರ, ಉರಿಯನ್ನು ಗುರುತಿಸುವ ಗ್ರಾಹಕವು (ರಿಸೆಪ್ಟರ್) ಹಕ್ಕಿಯ ನರದಲ್ಲೂ ಇದೆ, ಮನುಷ್ಯರ ನರದಲ್ಲೂ ಇದೆ. ಹಕ್ಕಿಯದು ಮೆಣಸಿನ ಖಾರಕ್ಕೆ ಜಗ್ಗುವುದಿಲ್ಲ. ಮನುಷ್ಯರದು ಕೂಡಲೇ ಬೊಬ್ಬೆ ಹಾಕುತ್ತದೆ. ಇದನ್ನು ಮನುಷ್ಯರ ಕಡೆಯ ಅಶಿಸ್ತೆಂದು ಪರಿಗಣಿಸಲಾಗಿದೆ.

೩. ಸಿಬ್ಬಂದಿಯು ಮೂವತ್ತು ದಿನಗಳೊಳಗೆ ತಮ್ಮ ಗ್ರಾಹಕಗಳನ್ನು ಪಾರಿವಾಳದ ಮಟ್ಟಕ್ಕೆ ತರತಕ್ಕದ್ದು. ಅಭ್ಯಾಸಕ್ಕಾಗಿ ಪ್ರತಿದಿನ ಹತ್ತು ನಿಮಿಷ ತೊಲೆಯ ಕೆಳಗೆ ನಿಂತು ಹಿರಿಯ ಪಾರಿವಾಳಗಳ ನಡತೆಯನ್ನು ಗಮನಿಸತಕ್ಕದ್ದು. ಆ ವೇಳೆ ತಲೆಯ ಮೇಲೆ ಬೀಳುವುದನ್ನು ಮಾರ್ಗದರ್ಶನವೆಂದು ಸ್ವೀಕರಿಸತಕ್ಕದ್ದು.

೪. ಸೀನುವ ಮುನ್ನ ಮೇಲ್ವಿಚಾರಕರ ಲಿಖಿತ ಅನುಮತಿ ಕಡ್ಡಾಯ. ಅನುಮತಿ ಬರುವಷ್ಟರಲ್ಲಿ ಸೀನು ಹೋದಲ್ಲಿ, ಅದು ಮೊದಲಿಗೇ ಅಗತ್ಯವಿರಲಿಲ್ಲವೆಂದು ತಿಳಿಯಲಾಗುವುದು.

೫. ಕೆಲಸದ ವೇಳೆಯ ಕಣ್ಣೀರನ್ನು ಮನೆಯ ತಾಪತ್ರಯದ ಬಾಬ್ತಿಗೆ ಸೇರಿಸಲಾಗುವುದು.

೬. ಪರಿಶೀಲನೆಯ ದಿನ ಉಪನಿರ್ದೇಶಕರು ಕಾರಿನ ಗಾಜನ್ನು ಎರಡು ಬೆರಳಷ್ಟು ಇಳಿಸಿದ ಕಾರಣ ಹದಿನೈದು ದಿನಗಳ ವೈದ್ಯಕೀಯ ರಜೆಯಲ್ಲಿರುತ್ತಾರೆ. ಅವರ ಗ್ರಾಹಕಗಳು ಹುದ್ದೆಗೆ ತಕ್ಕಷ್ಟು ಸೂಕ್ಷ್ಮವಾಗಿರುವುದರಿಂದ ಇದನ್ನು ಪೂರ್ವನಿದರ್ಶನವಾಗಿ ಯಾರೂ ಎತ್ತಕೂಡದು. ದಾಸ್ತಾನಿನಲ್ಲಿದ್ದ ಒಂದೇ ಒಂದು ಕನ್ನಡಕವನ್ನು ಅವರ ಮನೆಗೆ ತಲುಪಿಸಲಾಗಿದೆ.

ಸಹಿ/-
ಉಪನಿರ್ದೇಶಕರ ಪರವಾಗಿ

ಪ್ರತಿಗಳು:
೧. ಮೇಲ್ವಿಚಾರಕರಿಗೆ, ಸೀನಿನ ಅನುಮತಿ ಪುಸ್ತಕ ತೆರೆಯಲು.
೨. ಪಾರಿವಾಳಗಳಿಗೆ, ಪ್ರಶಂಸೆಯೊಂದಿಗೆ.
೩. ದೊಡ್ಡಕ್ಕ ಅವರಿಗೆ, ಖುದ್ದು ಓದಿ ಸಹಿ ಮಾಡಿ ಹಿಂದಿರುಗಿಸಲು. ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆಂದು ಅವರ ಮಗಳು ತಿಳಿಸಿರುವುದರಿಂದ, ಹೆಬ್ಬೆಟ್ಟು ಸಾಕು.